ಸ್ವಿಸ್‌ಟೋಪೋ ನಕ್ಷೆ: ಗಡಿಯಂಚಿನ ಫೆರೇರಾವನ್ನು ಸಾಗರದಿಂದ ನೋಡಿದಾಗ

ಸ್ವಿಟ್ಜರ್ಲೆಂಡಿನ ಭೂಮಾಪನ ಇಲಾಖೆ ಸ್ವಿಸ್‌ಟೋಪೋ ತನ್ನ ನಕ್ಷೆಗಳನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ನೋಡಲು ಶುಲ್ಕವಿಲ್ಲ, ಖಾತೆಯೂ ಬೇಕಾಗಿಲ್ಲ. ನಕ್ಷೆಯೊಂದರ ಗುಣವನ್ನು ಅಳೆಯಬೇಕಾದರೆ ಮಹಾನಗರವನ್ನಲ್ಲ, ಯಾರೂ ಹುಡುಕದ ಸಣ್ಣ ಊರನ್ನು ತೆರೆದು ನೋಡಬೇಕು ಎಂಬುದು ನನ್ನ ನಂಬಿಕೆ. ಹಾಗಾಗಿ ಇಟಲಿಯ ಗಡಿಗೆ ತಾಗಿಕೊಂಡಿರುವ, ಗ್ರೌಬುಂಡೆನ್ ಪ್ರಾಂತ್ಯದ ಫೆರೇರಾ ಎಂಬ ಪಂಚಾಯಿತಿಯನ್ನು ಆರಿಸಿಕೊಂಡೆ. ಮುಳುಗಡೆಯ ಸೀಮೆಯಾದ ಸಾಗರ ತಾಲ್ಲೂಕಿನವನಿಗೆ ಈ ಊರು ಹತ್ತಿರವೆನಿಸಲು ಕಾರಣವೂ ಇದೆ.

ಔಸರ್‌ಫೆರೇರಾ ಮತ್ತು ಇನ್ನರ್‌ಫೆರೇರಾ ಎಂಬ ಎರಡು ಪಂಚಾಯಿತಿಗಳು 2008ರಲ್ಲಿ ಒಂದಾಗಿ ಫೆರೇರಾ ಆಯಿತು. ವಿಸ್ತೀರ್ಣ ಸುಮಾರು 75 ಚದರ ಕಿಲೋಮೀಟರ್. ಜನಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ. ಇಷ್ಟು ನೆಲದಲ್ಲಿ ಇಷ್ಟೇ ಜನ ಏಕೆಂಬುದನ್ನು ನಕ್ಷೆಯೇ ಹೇಳುತ್ತದೆ. ಹಿಗ್ಗಿಸಿ ನೋಡಿದರೆ ಆವೆರ್ಸ್ ರೈನ್ ಹೊಳೆಯ ಎರಡೂ ಮಗ್ಗುಲಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು) ಒಂದಕ್ಕೊಂದು ಅಂಟಿಕೊಂಡಂತೆ ಏರುತ್ತವೆ. ಮಣ್ಣಿರುವಲ್ಲಿ ಈ ರೇಖೆಗಳಿಗೆ ಕಂದು ಬಣ್ಣ, ಬಂಡೆಯಿರುವಲ್ಲಿ ಕಪ್ಪು, ಹಿಮನದಿಯ ಮೇಲೆ ನೀಲಿ. ಮನೆಗಳೆಲ್ಲ ಹೊಳೆಯ ಬದಿಯ ಒಂದಿಷ್ಟು ಸಮತಟ್ಟಿನಲ್ಲಿ ಗುಂಪಾಗಿವೆ. ಅವುಗಳ ಮೇಲೆ ಕಾಡು, ಕಾಡಿನ ಮೇಲೆ ಹುಲ್ಲುಗಾವಲು, ಅದರಾಚೆ ಬರಿಯ ಕಲ್ಲು. ತೋಟಕ್ಕೊಂದು ಮನೆ ಎಂಬಂತೆ ಚದುರಿಕೊಂಡಿರುವ ನಮ್ಮ ಮಲೆನಾಡಿನ ವಸತಿ ಅಲ್ಲಿಲ್ಲ.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಫೆರೇರಾದ ಮಗ್ಗುಲಲ್ಲೇ ಕಾಣುವ ಲಾಗೊ ದಿ ಲೇಯ್ ಜಲಾಶಯ. ಇದರ ನೀರು ನಿಂತಿರುವುದು ಇಟಲಿಯ ನೆಲದಲ್ಲಿ, ಅಣೆಕಟ್ಟಿನ ಗೋಡೆ ಇರುವುದು ಸ್ವಿಟ್ಜರ್ಲೆಂಡಿನಲ್ಲಿ. ಗೋಡೆ ಕಟ್ಟುವ ಜಾಗಕ್ಕಾಗಿ ಎರಡೂ ದೇಶಗಳು ಸಮಸಮ ನೆಲವನ್ನು ವಿನಿಮಯ ಮಾಡಿಕೊಂಡವು. ಅದರ ಫಲವಾಗಿ ಗಡಿರೇಖೆ ಅಣೆಕಟ್ಟನ್ನು ಸುತ್ತಿಕೊಂಡು ಸಾಗುವುದು ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಟಲಿಯ ಆ ಕಣಿವೆಯ ನೀರು ಸಹಜವಾಗಿ ಹರಿಯುವುದು ಆವೆರ್ಸ್ ರೈನ್‌ಗೆ, ಅಲ್ಲಿಂದ ರೈನ್ ನದಿಯ ಮೂಲಕ ಉತ್ತರ ಸಮುದ್ರಕ್ಕೆ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಂದಿನವರೆಗಿನ ನಕ್ಷೆಗಳನ್ನು ವರ್ಷದ ಪ್ರಕಾರ ಸರಿಸಿ ನೋಡುವ ಸೌಲಭ್ಯ ಇಲ್ಲಿದೆ. ಹಳೆಯ ಹಾಳೆಯಲ್ಲಿ ಗೆರೆಯಂಥ ಹೊಳೆ ಇದ್ದಲ್ಲಿ ಹೊಸ ಹಾಳೆಯಲ್ಲಿ ಉದ್ದನೆಯ ನೀಲಿ ಹರಡಿಕೊಂಡಿದೆ. ನಮ್ಮಲ್ಲೂ 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಹಳ್ಳಿಗಳ ಜೊತೆಗೆ ಮಡೇನೂರಿನ ಹಳೆಯ ಅಣೆಕಟ್ಟೂ ನೀರಿನಡಿ ಸೇರಿತು. ಕಡು ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅದು ತಲೆಯೆತ್ತುತ್ತದೆ. ಶರಾವತಿ ಕಣಿವೆಯನ್ನೂ ಹೀಗೆ ದಶಕದಿಂದ ದಶಕಕ್ಕೆ ಸರಿಸಿ ನೋಡುವಂತಾದರೆ, ಅಜ್ಜನ ಊರು ಎಲ್ಲಿತ್ತೆಂದು ಕೇಳುವ ಮಕ್ಕಳಿಗೆ ತೋರಿಸಲು ಒಂದು ಜಾಗವಾದರೂ ಸಿಗುತ್ತದೆ.

ಜನಸಂಖ್ಯೆಯ ವಿವರಕ್ಕೆ ಅಲ್ಲಿನ ಸಂಯುಕ್ತ ಅಂಕಿಅಂಶ ಕಚೇರಿಯ ಪುಟಗಳನ್ನೂ ಜೊತೆಯಲ್ಲಿ ತೆರೆದುಕೊಳ್ಳಬೇಕು. 2010ರಿಂದ ಆ ದೇಶದಲ್ಲಿ ಹತ್ತು ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ಎಣಿಸುವ ಪದ್ಧತಿಯಿಲ್ಲ. ನಿವಾಸಿಗಳ ನೋಂದಣಿ ದಾಖಲೆಗಳಿಂದಲೇ ಪ್ರತಿ ವರ್ಷ ಪಂಚಾಯಿತಿವಾರು ಲೆಕ್ಕ ಸಿದ್ಧವಾಗುತ್ತದೆ. ಒಂದೆರಡು ಕುಟುಂಬಗಳು ಊರು ಬಿಟ್ಟರೂ ಫೆರೇರಾದಂಥ ಕಡೆ ಅಂಕಿ ಗಮನಾರ್ಹವಾಗಿ ಕುಸಿಯುವುದರಿಂದ ಈ ವಾರ್ಷಿಕ ಲೆಕ್ಕಕ್ಕೆ ಬಹಳ ಬೆಲೆಯಿದೆ. ನಮ್ಮ ಹಳ್ಳಿಗಳಿಂದ ಬೆಂಗಳೂರಿಗೆ ಹೋದವರೆಷ್ಟು, ಉಳಿದವರೆಷ್ಟು ಎಂದು ತಿಳಿಯಲು ಇಂದಿಗೂ 2011ರ ಜನಗಣತಿಯನ್ನೇ ನೆಚ್ಚಿಕೊಂಡಿದ್ದೇವೆ.

ಸ್ವಿಸ್‌ಟೋಪೋ ನಕ್ಷೆಯ ಪುಟದ ಸೂಚನೆಗಳು ಇಂಗ್ಲಿಷಿನಲ್ಲಿಯೂ ಇವೆ. ಪ್ರೌಢಶಾಲೆಯ ಭೂಗೋಳ ಶಿಕ್ಷಕರಿಗೆ ಇದನ್ನು ಹಿಂಜರಿಯದೆ ಶಿಫಾರಸು ಮಾಡುತ್ತೇನೆ. ಸಾಧ್ಯವಾದರೆ ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ತೆರೆಯಿರಿ. ಮೊದಲು ಪಂಚಾಯಿತಿ ಗಡಿಗಳ ಪದರವನ್ನು ಹಾಕಿಕೊಂಡು, ಆಮೇಲೆ ಹಳೆಯ ನಕ್ಷೆಗಳ ಪದರವನ್ನು ಅದರ ಕೆಳಗಿಟ್ಟು ವರ್ಷಗಳನ್ನು ಸರಿಸಿದರೆ ಜಲಾಶಯದ ಭಾಗ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ.