ಹಳೆಯ ಹಾಡಿನ ಪ್ಲೇಯರ್ ಕಂಪ್ಯೂಟರ್‌ಗೆ ಸಿಕ್ಕಿಸುವ ಮೊದಲು ಆ್ಯಂಟಿವೈರಸ್ ಕಡೆ ನೋಡಿ

ಎಂಪಿ3 ಪ್ಲೇಯರ್‌ನಲ್ಲೋ ರೆಕಾರ್ಡರ್‌ನಲ್ಲೋ ಬೇರೆಲ್ಲೂ ಸಿಗದ ಧ್ವನಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ನಮ್ಮ ಮನೆಯಲ್ಲಿ ಆದದ್ದು ನಿಮ್ಮಲ್ಲಿ ಆಗಬಾರದು.

ನಮ್ಮ ಅತ್ತೆ ಶಿರಸಿ ಕಡೆಯವರು. ಮದುವೆ ಮನೆಗಳಲ್ಲಿ ಹಿರಿಯ ಹೆಂಗಸರು ಹೇಳುವ ಹಾಡುಗಳನ್ನು ಅವರು ವರ್ಷಗಳಿಂದ ಒಂದು ಪುಟ್ಟ ಪ್ಲೇಯರ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಎಣ್ಣೆ ಅರಿಶಿನದ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಛೇಡಿಸುವ ಹಾಡು. ಹಾಡಿದವರಲ್ಲಿ ಹಲವರು ಈಗಿಲ್ಲ. ಎಲ್ಲವನ್ನೂ ಕಂಪ್ಯೂಟರ್‌ಗೆ ಕಾಪಿ ಮಾಡಿ ಇಡೋಣ ಅಂತ ಕೂತಾಗಲೇ ಅನಾಹುತ ಆಯಿತು.

ಆ ಕಂಪ್ಯೂಟರ್‌ನಲ್ಲಿ ಎರಡು ಆ್ಯಂಟಿವೈರಸ್ ಇದ್ದವು. ಒಂದನ್ನು ಅಂಗಡಿಯವರು ಹಾಕಿಕೊಟ್ಟಿದ್ದರು. ಇನ್ನೊಂದು ಯಾವುದೋ ಉಚಿತ ಸಾಫ್ಟ್‌ವೇರ್ ಜೊತೆ ತಾನೇ ಬಂದು ಕೂತಿತ್ತು. ಪ್ಲೇಯರ್ ಸಿಕ್ಕಿಸಿದ ಕೂಡಲೇ ಎರಡೂ ಸ್ಕ್ಯಾನ್ ಶುರು ಮಾಡಿದವು. ಕಾಪಿ ಆಮೆ ನಡಿಗೆಗೆ ಇಳಿಯಿತು. ಅಷ್ಟರಲ್ಲಿ ಒಂದು, "ವೈರಸ್ ಸಿಕ್ಕಿದೆ, ತೆಗೆದಿದ್ದೇನೆ" ಅಂದಿತು. ಇನ್ನೊಂದು ಪ್ಲೇಯರ್‌ಗೆ ವೈರಸ್ ತಗಲದಿರಲಿ ಎಂದು ವೈರಸ್‌ಗಳು ತಾವಾಗಿ ಓಡಲು ಬಳಸುವ ಆಟೋರನ್ ಎಂಬ ಹೆಸರಿನಲ್ಲೇ ತನ್ನದೊಂದು ಫೋಲ್ಡರನ್ನು ಅದರೊಳಗೆ ಬರೆಯಿತು. ಅಲ್ಲಿಗೆ ಪ್ಲೇಯರ್ ಸ್ತಬ್ಧ. ಕಂಪ್ಯೂಟರ್‌ನಿಂದ ಮಾಯವಾಗಿ ಮತ್ತೆ ಕಾಣಿಸಿಕೊಂಡಾಗ ಪರದೆ ಮೇಲೆ ಬಂದ ಮಾತು ಒಂದೇ: ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು.

ಹೀಗೆ ಯಾಕಾಗುತ್ತದೆ ಅಂತ ಆಮೇಲೆ ತಿಳಿಯಿತು. ಆ್ಯಂಟಿವೈರಸ್ ಬರೀ ನೋಡಿ ಸುಮ್ಮನಿರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅದು ಫೈಲ್ ಅಳಿಸುತ್ತದೆ, ಜಾಗ ಬದಲಿಸುತ್ತದೆ, ಕೆಲವು ಹೊಸದಾಗಿ ಬರೆಯುತ್ತವೆ ಕೂಡ. ಇಂಥ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯಾಟ್ ಎಂಬ ಹಳೆಯ ಫೈಲ್ ವ್ಯವಸ್ಥೆ. ಯಾವ ಫೈಲ್ ಎಲ್ಲೆಲ್ಲಿದೆ ಅನ್ನುವ ಪಟ್ಟಿ ಒಂದೇ ಕಡೆ ಇರುತ್ತದೆ. ಅದನ್ನು ಬರೆಯುವಾಗ ಸಂಪರ್ಕ ಕಡಿದರೆ ಪಟ್ಟಿ ಹರಿದುಹೋಗುತ್ತದೆ. ಹಾಡು ಒಳಗೇ ಇರುತ್ತದೆ, ಎಲ್ಲಿದೆ ಅಂತ ಗೊತ್ತಾಗುವುದಿಲ್ಲ.

ಹಾಗಂತ ಆ್ಯಂಟಿವೈರಸ್ ಕಿತ್ತೆಸೆಯಿರಿ ಅಂತ ನಾನು ಹೇಳುವುದಿಲ್ಲ. 2008ರಲ್ಲಿ ಹೊರಬಂದ ಕಾನ್‌ಫಿಕರ್ ಹುಳ (ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ತಾನಾಗಿ ಹರಡುವ ವೈರಸ್) ಪೆನ್ ಡ್ರೈವ್‌ಗಳ ಮೂಲಕವೂ ಹರಡಿತು. 2006ರಲ್ಲಿ ಹೊಸದಾಗಿ ಮಾರಾಟವಾದ ಕೆಲವು ವಿಡಿಯೊ ಐಪಾಡ್‌ಗಳಲ್ಲೇ ವಿಂಡೋಸ್ ವೈರಸ್ ಇತ್ತು ಅಂತ ಆ್ಯಪಲ್ ಕಂಪನಿಯೇ ಒಪ್ಪಿಕೊಂಡಿತ್ತು. ಅಪಾಯ ನಿಜ. ಆದರೆ ಕಾವಲಿಗೆ ಇರುವುದೂ ತಪ್ಪು ಮಾಡುತ್ತದೆ. 2010ರ ಏಪ್ರಿಲ್‌ನಲ್ಲಿ ಮ್ಯಾಕಫೀ ಎಂಬ ಆ್ಯಂಟಿವೈರಸ್‌ನ ಅಪ್‌ಡೇಟ್ ಒಂದು ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಅಂತ ಹಿಡಿದು, ಕಂಪ್ಯೂಟರ್‌ಗಳು ಪದೇಪದೇ ರೀಸ್ಟಾರ್ಟ್ ಆಗುವಂತೆ ಮಾಡಿತ್ತು.

ಆದ್ದರಿಂದ ಒಂದೇ ಆ್ಯಂಟಿವೈರಸ್ ಇರಲಿ. ವಿಂಡೋಸ್ 10 ಮತ್ತು 11ರಲ್ಲಿ ಬೇರೆ ಆ್ಯಂಟಿವೈರಸ್ ಬಂದರೆ ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ತಾನೇ ಪಕ್ಕಕ್ಕೆ ಸರಿಯುತ್ತದೆ. ಹೊರಗಿನಿಂದ ತಂದ ಎರಡು ಹಾಗೆ ಪರಸ್ಪರ ದಾರಿ ಬಿಡುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ, ವೈರಸ್ ಸಿಕ್ಕರೆ ತಾನಾಗಿ ಅಳಿಸದೆ ನಿಮ್ಮನ್ನು ಕೇಳುವ ಹಾಗೆ ಮಾಡಿಡಿ. ಯುಎಸ್‌ಬಿ ವ್ಯಾಕ್ಸಿನ್ ಅಂತ ಏನಾದರೂ ಇದ್ದರೆ ಆಫ್ ಮಾಡಿ, ಆಟೋರನ್ ಫೋಲ್ಡರ್ ಬರೆಯುವುದು ಅಂಥದ್ದೇ. ಪ್ಲೇಯರ್‌ನಲ್ಲಿ ಮೈಕ್ರೊ ಎಸ್‌ಡಿ ಕಾರ್ಡ್ ಇದ್ದರೆ ಇನ್ನೂ ಒಳ್ಳೆಯದು: ಕಾರ್ಡ್ ಹೊರತೆಗೆದು ದೊಡ್ಡ ಅಡಾಪ್ಟರ್‌ಗೆ ಹಾಕಿ, ಅದರ ಪಕ್ಕದ ಲಾಕ್ ಗುಂಡಿಯನ್ನು ಕೆಳಗೆ ಎಳೆಯಿರಿ. ಆಗ ಸಾಮಾನ್ಯವಾಗಿ ಓದಲು ಆಗುತ್ತದೆ, ಬರೆಯಲು ಆಗುವುದಿಲ್ಲ. ಕೆಲವು ಪ್ಲೇಯರ್‌ಗಳಲ್ಲಿ ಕಂಪ್ಯೂಟರ್‌ಗೆ ಜೋಡಿಸುವ ಬಗೆಯಲ್ಲಿ ಎಂಟಿಪಿ ಅನ್ನುವ ಆಯ್ಕೆ ಇರುತ್ತದೆ. ಅದರಲ್ಲಿ ಫೈಲ್ ಪಟ್ಟಿ ಪ್ಲೇಯರ್ ಕೈಯಲ್ಲೇ ಉಳಿಯುತ್ತದೆ, ಕಾಪಿ ಮಾಡಲು ಅದೇ ಕ್ಷೇಮ. ಇನ್ನು, ತೆಗೆಯಲು ಹೋದಾಗ "ಬಳಕೆಯಲ್ಲಿದೆ" ಅಂತ ಬಂದರೆ ಎಳೆಯಬೇಡಿ. ಕಂಪ್ಯೂಟರ್ ಪೂರ್ತಿ ಆರಿಸಿ ಆಮೇಲೆ ತೆಗೆಯಿರಿ.

ಈಗಾಗಲೇ ಫಾರ್ಮ್ಯಾಟ್ ಕೇಳುತ್ತಿದೆಯಾ? ಬೇಡ ಅನ್ನಿ. ಡಿಸ್ಕ್ ದೋಷ ಸರಿಪಡಿಸಲು ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಕೂಡ ಓಡಿಸಬೇಡಿ. ಅದು ಕೊಂಡಿ ತಪ್ಪಿದ ತುಂಡುಗಳನ್ನು ಸಿಎಚ್‌ಕೆ ಅನ್ನುವ ಫೈಲ್‌ಗಳಾಗಿ ಒಟ್ಟುಮಾಡಿ, ಇದ್ದ ಪಟ್ಟಿಯನ್ನೇ ಬದಲಿಸಿಬಿಡುತ್ತದೆ. ಟೆಸ್ಟ್‌ಡಿಸ್ಕ್, ಫೋಟೊರೆಕ್ ಅನ್ನುವ ಎರಡು ಉಚಿತ ಸಾಫ್ಟ್‌ವೇರ್‌ಗಳು ಒಟ್ಟಿಗೇ ಸಿಗುತ್ತವೆ. ಮೊದಲಿನದರಿಂದ ಇಡೀ ಪ್ಲೇಯರ್‌ನ ಪಡಿಯಚ್ಚು ತೆಗೆಯಿರಿ. ಎರಡನೆಯದನ್ನು ಆ ಪಡಿಯಚ್ಚಿನ ಮೇಲೆ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕ್‌ಗೆ ಇಳಿಸಿ. ಈ ಕೆಲಸಕ್ಕೆ ಮಾತ್ರ ಎಂಟಿಪಿ ನಡೆಯುವುದಿಲ್ಲ, ಪ್ಲೇಯರ್ ಪೆನ್ ಡ್ರೈವ್ ಹಾಗೆ ಕಾಣಬೇಕು.

ಫೋಟೊರೆಕ್ ಫೈಲ್‌ನ ಹೆಸರು ನೋಡುವುದಿಲ್ಲ, ಒಳಗಿನ ಗುರುತು ನೋಡಿ ಹುಡುಕುತ್ತದೆ. ಹೀಗಾಗಿ ನಮಗೆ ಹಾಡುಗಳು ಸಿಕ್ಕವು, ಹೆಸರುಗಳು ಸಿಗಲಿಲ್ಲ. ಎಲ್ಲಕ್ಕೂ ಬರೀ ಸಂಖ್ಯೆ. ಅತ್ತೆ ಒಂದೊಂದನ್ನೇ ಕೇಳಿ, ಇದು ಯಾರ ಧ್ವನಿ, ಯಾರ ಮನೆ ಮದುವೆ ಅಂತ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ಕೆಲವು ಧ್ವನಿ ಅವರಿಗೂ ಹೊಳೆಯಲಿಲ್ಲ, ಫೈಲ್ ಹೆಸರಲ್ಲಿ ಮಾತ್ರ ಬರೆದಿಟ್ಟಿದ್ದರಂತೆ. ಉದ್ದನೆಯ ಹಾಡುಗಳಲ್ಲಿ ಕೆಲವು ಅರ್ಧಕ್ಕೇ ನಿಂತಿವೆ. ಒಂದು ಫೈಲ್ ಅಲ್ಲೊಂದು ಇಲ್ಲೊಂದು ತುಂಡಾಗಿ ಕೂತಿದ್ದರೆ ಹೀಗಾಗುತ್ತದೆ. ಅದಕ್ಕೆ ನಮಗೆ ಉಪಾಯ ಸಿಗಲಿಲ್ಲ.

ಅಂಗಡಿಗೆ ಕೊಡುವುದಾದರೆ ಒಳಗಿರುವ ರೆಕಾರ್ಡಿಂಗ್ ಬೇಕು, ಪ್ಲೇಯರ್ ಸರಿಯಾಗದಿದ್ದರೂ ಪರವಾಗಿಲ್ಲ ಅಂತ ಮೊದಲೇ ಬಿಡಿಸಿ ಹೇಳಿ. "ಫಾರ್ಮ್ಯಾಟ್ ಮಾಡಿದ್ರೆ ಸರಿಹೋಗುತ್ತೆ ಮೇಡಂ" ಅಂದರೆ ವಾಪಸ್ ತಂದುಬಿಡಿ.