ಅಮೆರಿಕಕ್ಕೆ ಹೊರಟ ನರ್ಸ್‌ಗೆ: ವೃತ್ತಿಸಂಘವೋ, ಯೂನಿಯನ್ನೋ?

ಅಮೆರಿಕದಲ್ಲಿ ಕೆಲಸಕ್ಕೆ ಸೇರುವ ನಮ್ಮ ನರ್ಸ್‌ಗಳ ಕಿವಿಗೆ ಎರಡು ಹೆಸರು ಬೀಳುತ್ತವೆ. 1896ರಲ್ಲಿ ಹುಟ್ಟಿದ ಅಮೆರಿಕನ್ ನರ್ಸಸ್ ಅಸೋಸಿಯೇಷನ್ ವೃತ್ತಿಸಂಘ. ನೋಂದಾಯಿತ ನರ್ಸ್ ಯಾರೇ ಆದರೂ ಚಂದಾ ಕಟ್ಟಿ ಸೇರಬಹುದು. ತರಬೇತಿ, ಪ್ರಮಾಣಪತ್ರಗಳಿಗೆ ಒಳ್ಳೆಯ ಆಸರೆ.

ನ್ಯಾಷನಲ್ ನರ್ಸಸ್ ಯುನೈಟೆಡ್ ಕಾರ್ಮಿಕ ಸಂಘಟನೆ. ಕ್ಯಾಲಿಫೋರ್ನಿಯಾದ ನರ್ಸ್‌ಗಳು 1995ರಲ್ಲಿ ಆ ಹಳೆಯ ಸಂಘದಿಂದ ಹೊರಬಂದರು. 2009ರಲ್ಲಿ ಇನ್ನೆರಡು ಸಂಘಟನೆಗಳೊಡನೆ ಕೂಡಿ ರಾಷ್ಟ್ರಮಟ್ಟದ ಯೂನಿಯನ್ ಕಟ್ಟಿದರು. ಅದಕ್ಕೂ ಮೊದಲೇ ಅವರು ಹೋರಾಡಿ ಪಡೆದ 1999ರ ಕಾನೂನು 2004ರಿಂದ ಜಾರಿಯಲ್ಲಿದೆ. ಅದರ ಫಲ ಕ್ಯಾಲಿಫೋರ್ನಿಯಾದ ವಾರ್ಡುಗಳಲ್ಲೇ ಕಾಣುತ್ತದೆ: ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ, ಸಾಮಾನ್ಯ ವಾರ್ಡಿನಲ್ಲಿ ಐವರಿಗಿಂತ ಹೆಚ್ಚು ರೋಗಿಗಳನ್ನು ವಹಿಸುವಂತಿಲ್ಲ. ನೀವು ಊಟಕ್ಕೆ ಹೋದ ಅರ್ಧ ಗಂಟೆಯಲ್ಲೂ ಈ ಲೆಕ್ಕ ತಪ್ಪಬಾರದು, ಬದಲಿ ನರ್ಸ್ ಬರಲೇಬೇಕು. ಒಂದು ಪಾಳಿಯಲ್ಲಿ ಇಡೀ ವಾರ್ಡನ್ನು ಒಂಟಿಯಾಗಿ ನಿಭಾಯಿಸಿದವರಿಗೆ ಇದರ ಬೆಲೆ ಗೊತ್ತು.

ಹಾಗಾಗಿ ನನ್ನ ಮತ ಯೂನಿಯನ್ನಿಗೇ. ಆದರೆ ಸಂಬಳದ ಮಾತುಕತೆ, ವಿಚಾರಣೆಯ ವೇಳೆ ಪಕ್ಕದಲ್ಲೊಬ್ಬ ಪ್ರತಿನಿಧಿ, ಇವೆಲ್ಲ ಸಿಗುವುದು ನಿಮ್ಮ ಆಸ್ಪತ್ರೆಯಲ್ಲಿ ಅದಕ್ಕೆ ಮಾನ್ಯತೆ ಇದ್ದರೆ. ಕೆಲಸದ ಪತ್ರಕ್ಕೆ ಸಹಿ ಹಾಕುವ ಮೊದಲೇ ಅದನ್ನು ಕೇಳಿಕೊಳ್ಳಿ. ವೃತ್ತಿಸಂಘಕ್ಕೆ ಆಮೇಲೂ ಸೇರಬಹುದು.