ಇಂಡೋನೇಷ್ಯಾದ ಮೂರು ಕಾದಂಬರಿ: ಒಂದಕ್ಕೇ ದುಡ್ಡಿದ್ದರೆ ‘ಮರ್ಯಮ್’

ಬೇರೆ ಬೇರೆ ನಂಬಿಕೆಯ ಜನ ಒಟ್ಟಿಗೆ ಬಾಳುವುದರ ಬಗ್ಗೆ ಇಂಡೋನೇಷ್ಯಾದ ಯಾವ ಕಾದಂಬರಿ ಓದಲಿ ಅಂತ ಯಾರೇ ಕೇಳಲಿ, ನನ್ನ ಉತ್ತರ ಒಂದೇ: ಒಕ್ಕಿ ಮದಸಾರಿ ಅವರ ‘ಮರ್ಯಮ್’. ಅದರ ಜೊತೆಗೇ ಆಂಡ್ರಿಯಾ ಹಿರಾತಾ ಅವರ ‘ಲಸ್ಕರ್ ಪೆಲಾಂಗಿ’, ಲೈಲಾ ಚುಡೋರಿ ಅವರ ‘ಪುಲಾಂಗ್’ ಕೂಡ ಕೊಂಡಿದ್ದೆ. ಮೂರೂ ಇಂಗ್ಲಿಷಿನಲ್ಲಿ ಸಿಗುತ್ತವೆ.

2005ರ ‘ಲಸ್ಕರ್ ಪೆಲಾಂಗಿ’ ಸರಾಗವಾಗಿ ಓದಿಸಿಕೊಂಡು ಹೋಗುತ್ತದೆ. ಬೆಲಿತುಂಗ್ ದ್ವೀಪ, ತವರದ ಗಣಿ, ಮುಹಮ್ಮದಿಯಾ ಅನ್ನುವ ಮುಸ್ಲಿಂ ಸಂಘಟನೆಯ, ಈಗಲೋ ಆಗಲೋ ಬೀಳುವಂತಿರುವ ಶಾಲೆ. ಹತ್ತು ಮಕ್ಕಳು ಸೇರದಿದ್ದರೆ ಶಾಲೆಗೆ ಬೀಗ. ಅಂಗಡಿಗೆ ಸೀಮೆಸುಣ್ಣ ತರಲು ಹೋದ, ಕತೆ ಹೇಳುವ ಹುಡುಗ ಇಕಲ್, ಒಳಗಿಂದ ಡಬ್ಬಿ ಚಾಚಿದ ಚೀನೀ ಹುಡುಗಿಯ ಉಗುರು ನೋಡಿಯೇ ಮರುಳಾಗುತ್ತಾನೆ. ಆ ಪುಟಗಳಿಗೆ ನಾನೂ ಸೋತೆ.

ಕಿರಿಕಿರಿ ಬೇರೆ ಕಡೆ ಇದೆ. ಆ ಶಾಲೆಯಲ್ಲಿ ಅಕಿಯೊಂಗ್ ಅನ್ನುವ ಚೀನೀ ಹುಡುಗನೂ ಓದುತ್ತಾನೆ. ಮೂಲ ಕಾದಂಬರಿಯಲ್ಲಿ ಅವನು ದೊಡ್ಡವನಾದ ಮೇಲೆ ಮುಸ್ಲಿಂ ಆಗಿ, ಉದ್ದದ ಹೊಸ ಹೆಸರು ಇಟ್ಟುಕೊಂಡು, ಸಹಪಾಠಿ ಸಹಾರಾಳನ್ನೇ ಮದುವೆಯಾಗುತ್ತಾನೆ. ಅವನಿಷ್ಟ, ಸರಿ. ಆದರೆ ಅವನು ಹುಟ್ಟಿದ ಧರ್ಮದಲ್ಲೇ ಉಳಿದು ಸಹಾರಾಳ ಕೈ ಕೇಳಿದ್ದರೆ? ಲೇಖಕರು ಪ್ರಶ್ನೆಪತ್ರಿಕೆ ಹಂಚುವ ಮೊದಲೇ ಎಲ್ಲರನ್ನೂ ಪಾಸು ಮಾಡಿಬಿಟ್ಟಿದ್ದಾರೆ.

ಚೀನೀಯರ ಹಬ್ಬಕ್ಕೆ ಇಕಲ್ ಹೋಗುವುದೂ ಇದೆ, ಇಲ್ಲ ಅನ್ನಲ್ಲ. ಆದರೆ ಅವನು ಹೋಗುವುದು ಹುಡುಗಿಗಾಗಿ!

‘ಮರ್ಯಮ್’ನಲ್ಲಿ ಇಂಥ ರಿಯಾಯಿತಿ ಇಲ್ಲ. ಮರ್ಯಮ್ ಲೊಂಬೋಕ್ ದ್ವೀಪದ ಅಹ್ಮದಿಯಾ ಮನೆಯ ಮಗಳು. ಅಹ್ಮದಿಯಾ ಅಂದರೆ ಉಳಿದ ಬಹುತೇಕ ಮುಸ್ಲಿಮರು ತಮ್ಮವರೆಂದು ಒಪ್ಪದ ಪಂಗಡ. ಹೆತ್ತವರ ಮಾತು ಮೀರಿ ಅಹ್ಮದಿಯಲ್ಲದ ಆಲಮ್‌ನನ್ನು ಮದುವೆಯಾಗುತ್ತಾಳೆ. ಅಷ್ಟಕ್ಕೇ ಅತ್ತೆ ಸುಮ್ನೆ ಬಿಡ್ತಾಳಾ? ಕೊನೆಗೆ ಮದುವೆ ಮುರಿದು ಊರಿಗೆ ಬಂದರೆ ಅಲ್ಲಿ ಮನೆಯವರೇ ಇಲ್ಲ. ಊರವರು ಓಡಿಸಿಬಿಟ್ಟಿದ್ದಾರೆ. ಬರೀ ಕತೆ ಅಂದುಕೊಳ್ಳಬೇಡಿ. 2006ರಲ್ಲಿ ಲೊಂಬೋಕಿನ ಅಹ್ಮದಿಗಳನ್ನು ನಿಜವಾಗಿಯೂ ಮನೆಗಳಿಂದ ಹೊರಹಾಕಿದರು. ಮಾತರಾಮ್ ಪಟ್ಟಣದ ಟ್ರಾನ್ಸಿಟೋ ಕಟ್ಟಡದಲ್ಲಿ ಆ ಸಂಸಾರಗಳು ಬಟ್ಟೆಯ ಮರೆ ಕಟ್ಟಿಕೊಂಡು ವರ್ಷಗಟ್ಟಲೆ ಕಳೆದವು. ಒಂದೇ ಧರ್ಮದ ಒಳಗಿನ ಜಗಳ ಇದು. ನಗುನಗುತ್ತಾ ಮಾತಾಡಿಸುತ್ತಿದ್ದ ನೆರೆಮನೆಯವರೇ ಕಲ್ಲು ಎತ್ತುತ್ತಾರೆ.

ಬರವಣಿಗೆ ಸ್ವಲ್ಪ ಒಣ. ಒಕ್ಕಿ ಪತ್ರಕರ್ತೆಯಾಗಿದ್ದವರು, ಅದು ಗೊತ್ತಾಗುತ್ತದೆ.

‘ಪುಲಾಂಗ್’ 1965ರಲ್ಲಿ ಸೇನೆ ಎಡಪಂಥೀಯರ ಬೇಟೆ ಶುರುಮಾಡಿದ ನಂತರ ದೇಶಕ್ಕೆ ಮರಳಲಾಗದೆ ಪ್ಯಾರಿಸಿನಲ್ಲಿ ಹೋಟೆಲ್ ನಡೆಸಿದವರ ಕತೆ. ಒಳ್ಳೆಯ ಪುಸ್ತಕವೇ. ಆದರೆ ಕತೆ ಹೇಳುವವರು ಬದಲಾಗುತ್ತಿರುತ್ತಾರೆ, ಕಾಲ ಹಿಂದೆ ಮುಂದೆ ಓಡುತ್ತದೆ. ನಾನು ಓದುವುದು ಬಸ್ಸಿನಲ್ಲಿ. ಸ್ಟಾಪು ಬಂತು ಅಂತ ಮುಚ್ಚಿ ಮರುದಿನ ತೆರೆದರೆ ಯಾರು ಮಾತಾಡ್ತಿದ್ದಾರೆ ಅನ್ನೋದೇ ಮರೆತಿರುತ್ತದೆ.

ಹಾಗಾಗಿ ದುಡ್ಡು ಕೊಟ್ಟು ‘ಮರ್ಯಮ್’ ತಗೊಳ್ಳಿ. ‘ಲಸ್ಕರ್ ಪೆಲಾಂಗಿ’ 2008ರಲ್ಲೇ ಸಿನಿಮಾ ಆಗಿದೆ, ಅದನ್ನೇ ನೋಡಿದರೂ ನಡೆಯುತ್ತೆ. ‘ಪುಲಾಂಗ್’ ಉದ್ದನೆಯ ರಜೆ ಇದ್ದವರಿಗೆ.